ಬೀಗರ ತಾಟಿಗೊಂದು ಇಂಗ್ಲಿಷ್ ಹೆಸರು

ನಮ್ಮ ಕಾಕಾನ ಎದುರಿಗೆ ಕೂತು ಉಂಡು, ಮಾನ ಉಳಿಸಿಕೊಂಡು ಎದ್ದವರು ಇಡೀ ಹುನಗುಂದ ತಾಲೂಕಿನಲ್ಲಿ ಒಬ್ಬರೂ ಇಲ್ಲ! ಹಾಗಂತ ಅವನೇನು ತಾಟು ಕಸಿಯುವವನಲ್ಲ, ತುತ್ತು ಎಣಿಸುವವನೂ ಅಲ್ಲ. ಕೈ ಹಿಡಿದು ಕೂಡಿಸಿ, ಒತ್ತಾಯ ಮಾಡಿ ಬಡಿಸುವವನೇ. ಆದರೆ ನೀವು ಇನ್ನೊಂದು ಹೋಳಿಗೆಗೆ ಕೈ ಚಾಚಿದಿರೋ, ಮುಗಿಯಿತು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ನಿಮ್ಮ ಮುಖವನ್ನೊಮ್ಮೆ ನಿಮ್ಮ ತಾಟನ್ನೊಮ್ಮೆ ನೋಡಿ, ಒಂದೇ ಒಂದು ಇಂಗ್ಲಿಷ್ ಶಬ್ದ ಹೇಳುತ್ತಿದ್ದ. ತೀರ್ಪು ಕೊಟ್ಟ ಜಡ್ಜ್ ಸಾಹೇಬರ ಹಾಗೆ ಕನ್ನಡಕ ಮೇಲೇರಿಸಿ ಮುಂದಿನ ತಾಟಿಗೆ ಹೋಗುತ್ತಿದ್ದ.

ಅವನು ಹುನಗುಂದದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರ. ಬಾಗಲಕೋಟೆಯಲ್ಲಿದ್ದ ನಮ್ಮಪ್ಪನ ಬೆನ್ನಿಗೆ ಬಿದ್ದ ತಮ್ಮ. ಅವನಿಗೂ ಕಾಕುಗೂ ಮಕ್ಕಳಿರಲಿಲ್ಲವಾದ್ದರಿಂದ ಹೈಸ್ಕೂಲು ಮುಗಿಯುವವರೆಗೆ ನಾನು ಅವರ ಮನೆಯಲ್ಲೇ ಬೆಳೆದೆ. ಆಮೇಲೆ ಬಾಗಲಕೋಟೆಗೆ ಬಂದು ಬಿ.ಎ. ಮಾಡಿದೆ, ಅದೂ ಇಂಗ್ಲಿಷಿನಲ್ಲಿ. ಅದೇ ನನಗೆ ಮುಳುವಾಯಿತು ನೋಡಿ! ಕಾಕಾ ಆಡುವ ಮಾತು ಊರಿನಲ್ಲಿ ಬೇರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವರು ನಗುನಗುತ್ತ ಉಣ್ಣುತ್ತಿದ್ದರು. ತಿಳಿಯುತ್ತಿದ್ದದ್ದು ನನಗೊಬ್ಬಳಿಗೆ. ಆದ್ದರಿಂದ ಅಷ್ಟೂ ಜನರ ಪಾಲಿನ ನಾಚಿಕೆಯನ್ನು ನಾನೊಬ್ಬಳೇ ಪಡಬೇಕಾಗುತ್ತಿತ್ತು.

ಸಣ್ಣವಳಿದ್ದಾಗ ಸಾಲೆ ಬಿಟ್ಟೊಡನೆ ಓಡುತ್ತ ಮನೆಗೆ ಬಂದು "ಕಾಕೂ, ಹಸಿವಿ!" ಅಂತ ಕೂಗಿದರೆ ಕಾಕು ರೊಟ್ಟಿ ತೆಗೆಯುವ ಮೊದಲೇ ಕಾಕಾ ಅಡ್ಡ ಬರುತ್ತಿದ್ದ.

"ಎಂಥಾ ಹಸಿವಿ? ಹಂಗ್ರಿಯೋ, ಫ್ಯಾಮಿಷ್ಡೋ, ರಾವೆನಸ್ಸೋ?"

"ಕಾಕಾ, ಮದಲ ರೊಟ್ಟಿ ಕೊಡಸು."

"ಹಂಗ್ರಿ ಅಂದ್ರ ದಿನಾ ಆಗೂ ಹಸಿವಿ. ಫ್ಯಾಮಿಷ್ಡ್ ಅಂದ್ರ ಕಣ್ಣಿಗೆ ಕತ್ತಲಿ ಬರೂ ಹಸಿವಿ. ರಾವೆನಸ್ ಅಂದ್ರ ತೋಳದ ಹಸಿವಿ, ರೊಟ್ಟಿ ಜೋಡಿ ತಾಟೂ ತಿನ್ನೂವಂಥಾದ್ದು. ನಿಂದು ಯಾವುದು?"

ನಾನು ಅಳುಮುಖ ಮಾಡಿ "ಸ್ಟಾರ್ವಿಂಗ್" ಅಂದರೆ ಅವನಿಗೆ ನಿಜವಾಗಿಯೂ ಸಿಟ್ಟು ಬರುತ್ತಿತ್ತು. "ಮುಂಜಾನಿ ಉಪ್ಪಿಟ್ಟು ತಿಂದಾಕಿ ಆ ಶಬ್ದಾ ಮುಟ್ಟಬಾರದು!"

ಕಾಕು ಒಳಗಿನಿಂದ "ಹುಡುಗಿ ಹಸಿವಿ ಇಂಗ್ಲಿಷಿನ್ಯಾಗ ಕೇಳಿದ್ರ ಕಡಿಮಿ ಆಗ್ತೈತೇನ್ರಿ? ರೊಟ್ಟಿ ಆರಾಕತ್ತಾವು!" ಅಂತ ಗದರಿದ ಮೇಲೆಯೇ ನನಗೆ ಬಿಡುಗಡೆ.

ಹಸಿವಿನ ಶಬ್ದಗಳು ಮನೆಯವರಿಗೆ. ಊರಿನವರಿಗಾಗಿ ದುರಾಸೆಯ ಶಬ್ದಗಳ ಇನ್ನೊಂದು ಗಂಟೇ ಇತ್ತು. ಬೇಕಾದ್ದಕ್ಕಿಂತ ಹೆಚ್ಚು ಬಯಸುವವನು ಗ್ರೀಡಿ. ಹೊಟ್ಟೆ ತುಂಬಿದರೂ ಕೈ ನಿಲ್ಲದವನು ಗ್ಲಟನ್. ಕಣ್ಣು ಮಿಟುಕಿಸುವುದರೊಳಗೆ ತಾಟು ಖಾಲಿ ಮಾಡುವವನು ವೊರೇಶಿಯಸ್. ತನ್ನ ತಾಟು ಬಿಟ್ಟು ಪಕ್ಕದವನ ತಾಟಿನ ಮೇಲೆ ಕಣ್ಣಿಟ್ಟವನು ಕವಟಸ್. ಎಲ್ಲಕ್ಕಿಂತ ಮೇಲೆ ಅವರಿಶಿಯಸ್. ಇವನು ತಿನ್ನುವುದೇ ಇಲ್ಲ, ಕೂಡಿಡುತ್ತಾನೆ. ಎಷ್ಟು ಬಂದರೂ ಸಾಲದು, ಬಂದದ್ದನ್ನು ಬಿಡಲಾರ. ಹೀಗೆ ಒಬ್ಬೊಬ್ಬರಿಗೂ ಅಳತೆಗೆ ಸರಿಯಾಗಿ ಅಂಗಿ ಹೊಲಿದು ತೊಡಿಸುವ ದರ್ಜಿಯ ಹಾಗೆ ಅವನು ಶಬ್ದ ತೊಡಿಸುತ್ತಿದ್ದ.

"ಕನ್ನಡದಾಗ ಅನ್ನಬಾರದೇನು?" ಅಂತ ನಾನೊಮ್ಮೆ ಕೇಳಿದ್ದೆ.

"ಹುಚ್ಚಿ! ಕನ್ನಡದಾಗ ಅಂದ್ರ ಜಗಳ ಆಗ್ತಾವು. ಇಂಗ್ಲಿಷಿನ್ಯಾಗ ಅಂದ್ರ ನಮಸ್ಕಾರ ಮಾಡ್ತಾರ."

ಸುಳ್ಳೇನಲ್ಲ. ಒಮ್ಮೆ ಸಾಲೆಯ ತಪಾಸಣೆಗೆ ಇನ್‌ಸ್ಪೆಕ್ಟರ್ ಸಾಹೇಬರು ಬಂದಿದ್ದರು. ಹೆಡ್‌ಮಾಸ್ತರರ ಮನೆಯಲ್ಲಿ ಊಟ. ಬಡಿಸಲು ಕಾಕುವಿನ ಜೊತೆ ನಾನೂ ಹೋಗಿದ್ದೆ. ಸಾಹೇಬರು ಎಣ್ಣೆಗಾಯಿಯ ಮೇಲೆ ಎಣ್ಣೆಗಾಯಿ ಮುಗಿಸುತ್ತಿದ್ದ ವೇಗ ನೋಡಿ ಕಾಕಾ ತಡೆದುಕೊಳ್ಳಲಾರದೆ "ಸಾಹೇಬ್ರು ವೊರೇಶಿಯಸ್!" ಅಂದುಬಿಟ್ಟ. ನಾನು ಸೌಟು ಹಿಡಿದುಕೊಂಡೇ ಹಿಂದೆ ಸರಿದೆ. ಇವರಿಗೆ ಇಂಗ್ಲಿಷ್ ಬರುತ್ತದಲ್ಲ! ಸಾಹೇಬರು ತಲೆ ಎತ್ತಿದರು. ಕಣ್ಣು ಅರಳಿದವು. ‘ವೊರೇಶಿಯಸ್ ರೀಡರ್’ ಅನ್ನುವುದಷ್ಟೇ ಅವರು ಕೇಳಿ ಬಲ್ಲದ್ದು!

"ನಾ ಅಷ್ಟು ಪುಸ್ತಕಾ ಓದ್ತೀನಂತ ನಿಮಗ ಯಾರ ಹೇಳಿದ್ರಿ ಮಾಸ್ತರ?"

ಕಾಕಾ ನಿರ್ವಿಕಾರ ಮುಖದಿಂದ "ಮಾರಿ ನೋಡಿದ್ರ ಗೊತ್ತಾಗ್ತೈತ್ರಿ" ಅಂದ. ಆ ವರ್ಷ ಸಾಲೆಗೆ ಉತ್ತಮ ವರದಿ ಬಂತು!

ಇಷ್ಟರವರೆಗೆ ಪರವಾಗಿಲ್ಲ. ಹೆಡ್‌ಮಾಸ್ತರರ ಮನೆಯಿಂದ ನಮ್ಮ ಮನೆಗೆ ಬಂದು ಬಾಗಿಲು ಹಾಕಿಕೊಂಡರೆ ನನ್ನ ನಾಚಿಕೆ ಮುಗಿಯುತ್ತಿತ್ತು. ಆದರೆ ಎಪ್ಪತ್ತರ ದಶಕದ ನಡುವಿನಲ್ಲಿ ನನ್ನ ಮದುವೆಯಾಯಿತು. ಗಂಡನ ಮನೆ ಇಳಕಲ್ಲು. ಮಾವನವರದು ಸೀರೆ ಅಂಗಡಿ, ಮುಂದೆ ಅಂಗಡಿ ಹಿಂದೆ ಮನೆ. ಆ ಮನೆಯ ಬಾಗಿಲನ್ನು ನಾನು ಹಾಕಿಕೊಳ್ಳುವ ಹಾಗಿರಲಿಲ್ಲ. ಕಾಕಾ ಈಗ ಬೀಗನಾಗಿ ರಾಜಮರ್ಯಾದೆಯಿಂದ ಒಳಗೆ ಬರುವವನು!

ಮದುವೆಯ ದಿನವೇ ಶುರುವಾಯಿತು. ಹುನಗುಂದದಲ್ಲಿ ಕಾಕಾನ ಮನೆಯ ಮುಂದೆಯೇ ಹಂದರ. ಬೀಗರ ಪಂಕ್ತಿಯಲ್ಲಿ ತುಪ್ಪ ಬಡಿಸುವ ಕೆಲಸವನ್ನು ಕಾಕಾ ತಾನೇ ಕೇಳಿ ಇಸಿದುಕೊಂಡಿದ್ದ. ಯಾಕೆ ಅಂತ ನನಗೆ ಗೊತ್ತು! ತುಪ್ಪದವನು ಎಲ್ಲರ ಎಲೆಯ ಮುಂದೆಯೂ ಬಗ್ಗಲೇಬೇಕಲ್ಲ. ಹಣೆಗೆ ಬಾಸಿಂಗ ಕಟ್ಟಿಕೊಂಡು, ತಲೆ ತಗ್ಗಿಸಿ ಕೂತ ನನ್ನ ಕಿವಿಗೆ ಒಂದೊಂದೇ ಬೀಳುತ್ತಿತ್ತು. ಅತ್ತೆಯ ಅಣ್ಣನ ಹತ್ತಿರ "ಗ್ಲಟನ್." ಮಾವನವರ ಷಡ್ಡಕನ ಹತ್ತಿರ "ಗ್ರೀಡಿ, ಬರೇ ಗ್ರೀಡಿ." ನನ್ನ ಗಂಡನಾಗುವವರ ಗೆಳೆಯನೊಬ್ಬನ ಹತ್ತಿರ ಸ್ವಲ್ಪ ಹೊತ್ತು ನಿಂತು, ಯೋಚಿಸಿ, "ವೊರೇಶಿಯಸ್ ಆಗಬಹುದು" ಅಂದ. ಅವರೆಲ್ಲ ತುಪ್ಪದ ಹೆಸರು ಅಂತ ತಿಳಿದು "ಹೌದ್ರಿ, ಇನ್ನೊಂದೀಟು ಹಾಕ್ರಿ" ಅನ್ನುತ್ತಿದ್ದರು! ನಾಚಿ ಕೆಂಪಾದ ನನ್ನ ಮುಖ ನೋಡಿ ಹೆಂಗಸರು "ಹುಡುಗಿಗೆ ಭಾಳ ನಾಚಿಗಿ ನೋಡವ್ವ, ಛಲೋ ಮನಿತನ" ಅಂತ ಹೊಗಳಿದರು.

ಆಮೇಲೆ ಕಾಕಾ ನನ್ನ ಮಾವನವರ ಮುಂದೆ ಬಂದ. ಅವರ ಎಲೆಯಲ್ಲಿ ಏನೂ ಇರಲಿಲ್ಲ. ಉಂಡದ್ದು ಕಡಿಮೆಯೇ. ಆದರೆ ಪಕ್ಕದಲ್ಲಿ ಒಂದು ವಸ್ತ್ರ ಹಾಸಿಕೊಂಡು, ಪಂಕ್ತಿಯಲ್ಲಿ ಯಾರೂ ತಿನ್ನದೆ ಬಿಟ್ಟ ಬಾಳೆಹಣ್ಣು, ಮುಟ್ಟದ ಬುಂದೆಲಾಡು, ಹೂವಿನ ಹಾರದಿಂದ ಬಿಚ್ಚಿದ ದಾರ, ಎಲ್ಲವನ್ನೂ ಅಚ್ಚುಕಟ್ಟಾಗಿ ಜೋಡಿಸುತ್ತಿದ್ದರು. ಮಾವನವರು ಹಾಗೇ. ಸೀರೆಗೆ ಸುತ್ತಿ ಬಂದ ಹಗ್ಗವನ್ನು ಎಸೆದವರಲ್ಲ. ಇಳಕಲ್ಲಿನ ಮನೆಯಲ್ಲಿ ಎರಡು ಕೋಣೆಗೆ ಒಂದು ಬಲ್ಬು, ಯಾರು ಯಾವ ಕೋಣೆಗೆ ಹೋಗುತ್ತಾರೋ ಅವರು ಬಲ್ಬು ಬಿಚ್ಚಿಕೊಂಡು ಹೋಗಬೇಕು!

ಕಾಕಾ ನಿಂತೇಬಿಟ್ಟ. ತನ್ನ ಸರ್ವಿಸ್ಸಿನುದ್ದಕ್ಕೂ ಹುಡುಕುತ್ತಿದ್ದ ಉದಾಹರಣೆ ಎದುರಿಗೆ ಕೂತಿದೆ! ತುಪ್ಪದ ಗಿಂಡಿ ಕೆಳಗಿಟ್ಟು ಕನ್ನಡಕ ಇಳಿಸಿದ.

"ಬೀಗರ... ನೀವು ಅವರಿಶಿಯಸ್!"

"ಹಂಗಂದ್ರೇನ್ರಿ ಮಾಸ್ತರ?"

"ಭಾಳ ಮ್ಯಾಲಿನ ಶಬ್ದ್ರಿ. ಎಲ್ಲಾರಿಗೂ ಹತ್ತೂದಿಲ್ಲ."

ಮಾವನವರಿಗೆ ಆದ ಸಂತೋಷ ಹೇಳತೀರದು. ಅಲ್ಲಿಯವರೆಗೆ ಅವರನ್ನು ಯಾರೂ ಒಂದು ಒಳ್ಳೆ ಮಾತಿನಿಂದ ಕರೆದವರಿರಲಿಲ್ಲ ಅಂತ ನನಗೆ ಆಮೇಲೆ ತಿಳಿಯಿತು.

ಆ ಚಳಿಗಾಲದಲ್ಲಿ ಎರಡೂ ಮನೆಯವರು ಕೂಡಿ ಮಹಾಕೂಟಕ್ಕೆ ಹೋಗಿ, ಅಲ್ಲಿಂದ ಬಾದಾಮಿಗೆ ಬಂದೆವು. ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿ ಕೂತಾಗ ಒಂದು ಮಂಗ ಬಂದು ಮಾವನವರ ಕೈಯಲ್ಲಿದ್ದ ಅರ್ಧ ಹೋಳಿಗೆ ಕಸಿದು ಓಡಿತು. ಬೇರೆ ಯಾರಾದರೂ ಆಗಿದ್ದರೆ ಹೋಗಲಿ ಬಿಡು ಅನ್ನುತ್ತಿದ್ದರು. ಮಾವನವರು ಧೋತರದ ಚುಂಗು ಸೊಂಟಕ್ಕೆ ಸಿಕ್ಕಿಸಿ ಮಂಗನ ಹಿಂದೆ ಓಡಿದರು! ಮಂಗ ಗುಡಿಯ ಕಟ್ಟೆಗೆ ಹಾರಿತು, ಇವರೂ ಕಟ್ಟೆ ಹತ್ತಿದರು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಒಗೆಯುವುದನ್ನು ಬಿಟ್ಟು ನೋಡತೊಡಗಿದರು. ಪ್ರವಾಸಕ್ಕೆ ಬಂದಿದ್ದ ಯಾವುದೋ ಕಾಲೇಜಿನ ಹುಡುಗರು ಸಿಳ್ಳೆ ಹೊಡೆದರು. ಇದು ಸಾಲದೆಂಬಂತೆ ಕಾಕಾ ಮೆಟ್ಟಿಲ ಮೇಲೆ ಎದ್ದು ನಿಂತು, ಕ್ಲಾಸಿನಲ್ಲಿ ಪಾಠ ಹೇಳುವ ದನಿಯಲ್ಲಿ ಕೂಗಿದ:

"ನೋಡವಾ! ಇನ್ನೊಬ್ಬರ ಕೈಯಾನ ಹೋಳಿಗಿ ಬೇಕನ್ನೂ ಮಂಗ್ಯಾ ಕವಟಸ್! ಅರ್ಧಾ ಹೋಳಿಗಿ ಬಿಡಲಾರದ ನಿಮ್ಮ ಮಾವ ಅವರಿಶಿಯಸ್! ಎರಡಕ್ಕೂ ಫರಕ್ ಏನಂತ ಇನ್ನ ಮ್ಯಾಲ ಕೇಳಬ್ಯಾಡ!"

ನಾನೆಲ್ಲಿ ಕೇಳಿದ್ದೆ? ಆ ಹೊಂಡದ ನೀರಿಗೆ ಹಾರಿಬಿಡಲೇ ಅನ್ನಿಸಿತು. ಕಾಲೇಜಿನ ಹುಡುಗರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವರಿಗೆ ಇಂಗ್ಲಿಷ್ ಬರುತ್ತಿತ್ತಲ್ಲ! ನಾನು ಸೆರಗು ಮುಖಕ್ಕೆ ಎಳೆದುಕೊಂಡೆ. ಆದರೆ ಏದುಸಿರು ಬಿಡುತ್ತ, ಹೋಳಿಗೆಯಿಲ್ಲದೆ ವಾಪಸು ಬಂದ ಮಾವನವರ ಮುಖದಲ್ಲಿ ಮಾತ್ರ ಅದೇನು ಕಳೆ! "ಮಾಸ್ತರ್ರು ನಾಕ ಮಂದ್ಯಾಗ ನನಗ ಮತ್ತ ಆ ಶಬ್ದಾ ಅಂದ್ರು. ಹುಡುಗೋರೆಲ್ಲಾ ಎಷ್ಟ ಖುಷಿಯಾದ್ರು ನೋಡು" ಅಂತ ಅತ್ತೆಗೆ ಹೇಳಿದರು. ಇಳಕಲ್ಲಿಗೆ ಬರುವವರೆಗೂ ಬಸ್ಸಿನಲ್ಲಿ ಆ ಶಬ್ದವನ್ನು ಬಾಯಿಪಾಠ ಮಾಡುತ್ತ ಬಂದರು.

ಮರುವರ್ಷ ನಾನು ಬಾಣಂತನಕ್ಕೆ ಬಾಗಲಕೋಟೆಗೆ ಹೋದೆ. ಮಗನನ್ನು ಎತ್ತಿಕೊಂಡು ಇಳಕಲ್ಲಿಗೆ ವಾಪಸು ಬಂದ ದಿನ ಟಾಂಗಾ ಅಂಗಡಿಯ ಮುಂದೆ ನಿಂತಿತು. ತಲೆ ಎತ್ತಿ ನೋಡುತ್ತೇನೆ. ಹೊಸ ಬೋರ್ಡು! ಮೇಲೆ ಕನ್ನಡದಲ್ಲಿ ಅಂಗಡಿಯ ಹೆಸರು. ಅದರ ಕೆಳಗೆ, ಕನ್ನಡಕ್ಕಿಂತ ದೊಡ್ಡದಾಗಿ, ಅಚ್ಚ ಕೆಂಪು ಬಣ್ಣದಲ್ಲಿ, ಒಂದಕ್ಷರವೂ ತಪ್ಪಿಲ್ಲದ ಇಂಗ್ಲಿಷಿನಲ್ಲಿ: ಅವರಿಶಿಯಸ್ ಸಾರಿ ಸೆಂಟರ್!

ಅಂದರೆ ಏನರ್ಥ? ಸೀರೆ ಕೊಳ್ಳಲು ಬನ್ನಿ, ನಾವು ಎಷ್ಟು ಬಂದರೂ ಸಾಲದ, ಬಂದದ್ದನ್ನು ಬಿಡಲಾರದ ಮಂದಿ!

ನಾನು ಟಾಂಗಾದಿಂದ ಇಳಿಯದೆ ಸೆರಗನ್ನು ಮುಖಕ್ಕೆ ಎಳೆದುಕೊಂಡೆ. ಆರತಿ ತಟ್ಟೆ ಹಿಡಿದು ಬಂದ ಅತ್ತೆ "ಯಾಕವಾ, ಬಿಸಿಲು ಹತ್ತೇನು?" ಅಂದರು. ನನ್ನ ಗಂಡ ಏಳನೇ ಇಯತ್ತೆಗೆ ಸಾಲೆ ಬಿಟ್ಟು ಅಂಗಡಿಗೆ ಕೂತವರು. ಅವರಿಗೆ ತಿಳಿಯುವ ಮಾತಿಲ್ಲ. ಸ್ಪೆಲಿಂಗ್ ಎಲ್ಲಿಂದ ಬಂತು ಅಂದರೆ, ಮಾವನವರು ಹುನಗುಂದಕ್ಕೆ ಹೋಗುವ ಒಬ್ಬರ ಕೈಯಲ್ಲಿ "ಆ ಶಬ್ದಾ ಒಂದ ಚೀಟ್ಯಾಗ ಬರದ ಕಳಸ್ರಿ" ಅಂತ ಹೇಳಿ ಕಳಿಸಿದ್ದರಂತೆ. ಬೀಗರು ಇಂಗ್ಲಿಷ್ ಕಲಿಯುತ್ತಿದ್ದಾರೆ ಅಂತ ಹಿಗ್ಗಿ ಕಾಕಾ ಮುತ್ತಿನಂಥ ಅಕ್ಷರದಲ್ಲಿ ಬರೆದು ಕಳಿಸಿದ್ದ!

"ಬೋರ್ಡ್ ಹಾಕಿದಾಗಿಂದ ಗಿರಾಕಿ ಹೆಚ್ಚಾಗ್ಯಾರವಾ" ಅಂತ ಮಾವನವರು ಮೊಮ್ಮಗನನ್ನು ಎತ್ತಿಕೊಂಡು ಹೇಳಿದರು. ಹೆಚ್ಚಾಗದೆ ಏನು? ನೋಡಲಿಕ್ಕೆಂದೇ ಮಂದಿ ಬರುತ್ತಿದ್ದರು. ಬೆಂಗಳೂರಿನ ಕಡೆಯಿಂದ ವರ್ಗವಾಗಿ ಬಂದಿದ್ದ ಬ್ಯಾಂಕಿನ ಅಧಿಕಾರಿಯೊಬ್ಬರು ಸ್ಕೂಟರ್ ನಿಲ್ಲಿಸಿ ಬೋರ್ಡು ಓದಿ, ಒಳಗೆ ಬಂದು ಮಾವನವರ ಎರಡೂ ಕೈ ಹಿಡಿದುಕೊಂಡು "ಯಜಮಾನರೇ, ನಿಮ್ಮಷ್ಟು ಪ್ರಾಮಾಣಿಕ ವ್ಯಾಪಾರಿಯನ್ನು ನನ್ನ ಜನ್ಮದಲ್ಲೇ ನೋಡಿಲ್ಲ ಕಣ್ರೀ!" ಅಂದರಂತೆ. ಮಾವನವರು ಅವರಿಗೆ ಚಹಾ ತರಿಸಿದರು. ತಮ್ಮ ಖರ್ಚಿನಲ್ಲಿ ಚಹಾ! ಅಂಥ ಸಂತೋಷ ಅವರಿಗೆ.

ಏನು ಮಾಡಲಿ ನಾನು? ಹೇಳಿದರೆ ತವರಿನ ಮಾನ ಹೋಗುತ್ತದೆ. ಹೇಳದಿದ್ದರೆ ಗಂಡನ ಮನೆಯದು ಬಜಾರದಲ್ಲಿ ದಿನಾ ಹೋಗುತ್ತಿದೆ. ಹುನಗುಂದದ ದೇವರಿಗೆ ಕೂಸಿನ ಹರಕೆ ಇದೆ ಅಂತ ನೆವ ಮಾಡಿ ಮರುದಿನವೇ ಬಸ್ಸು ಹತ್ತಿದೆ.

"ಕಾಕಾ, ಇದೇನ ಮಾಡಿದಿ? ನಮ್ಮ ಮಾವಾರು ಅದನ್ನ ಅಂಗಡಿ ಬೋರ್ಡಿಗೆ ಬರಿಸ್ಯಾರ!"

ಕಾಕಾ ಮೊದಲು ನಕ್ಕ. ನಾನು ನಗಲಿಲ್ಲ. ಅವನ ನಗೆ ನಿಂತಿತು. ಕನ್ನಡಕ ತೆಗೆದು ಒರೆಸಿದ. ಮತ್ತೆ ಒರೆಸಿದ.

"ಬೋರ್ಡಿಗೆ? ಹೊರಗ? ಎಲ್ಲಾರಿಗೂ ಕಾಣೂ ಹಂಗ?"

"ಕೆಂಪು ಬಣ್ಣದಾಗ."

ಕಾಕು ಒಲೆಯ ಮುಂದಿನಿಂದ ಎದ್ದು ಬಂದಳು. "ಎಷ್ಟ ಸಲ ಬಡಕೊಂಡೆ ನಿಮಗ, ಉಣ್ಣೂ ಮಂದಿಗೆ ಹೆಸರಿಡಬ್ಯಾಡ್ರಿ ಅಂತ! ಆ ಹಿರ್ಯಾ ಮನಶ್ಯಾ ನಂಬ್ಯಾನಲ್ರೀ ನಿಮ್ಮನ್ನ. ನಡೀರಿ, ಹೋಗಿ ಖರೆ ಹೇಳಿ ಬರ್ರಿ."

ಕಾಕಾ ಅವತ್ತೇ ನನ್ನ ಜೊತೆ ಹೊರಟ. ಬಸ್ಸಿನಲ್ಲಿ ಅಮೀನಗಡದ ಕರದಂಟಿನ ಪೊಟ್ಟಣವೊಂದನ್ನು ತೊಡೆಯ ಮೇಲಿಟ್ಟುಕೊಂಡು, ಪರೀಕ್ಷೆಗೆ ಹೊರಟ ಹುಡುಗನ ಹಾಗೆ ಕೂತಿದ್ದ.

ಪಡಸಾಲೆಯಲ್ಲಿ ಮಾವನವರೂ ನನ್ನ ಗಂಡನೂ ಕೂತಿದ್ದರು. ಅತ್ತೆ ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ಕೂಡ್ರಿ ಅಂದರೂ ಕಾಕಾ ಕೂಡಲಿಲ್ಲ.

"ಬೀಗರ, ನನ್ನಿಂದ ಒಂದ ತಪ್ಪಾಗೇತಿ. ಆ ಶಬ್ದ... ಅದು ಹೊಗಳಿಕಿ ಅಲ್ರಿ."

"ಮತ್ತ?"

"ಎಷ್ಟ ಬಂದ್ರೂ ಸಾಲದಾಂವ, ಬಂದದ್ದು ಬಿಡಲಾರದಾಂವ... ಹಂಗ ಅರ್ಥ ಅದಕ."

 ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಆಮೇಲೆ ಒಳಗಿನಿಂದ ಅತ್ತೆಯ ದನಿ:

"ಅಯ್ಯ, ಇಷ್ಟ ಏನು? ಇದನ್ನ ತಿಳಕೊಳ್ಳಾಕ ಇಂಗ್ಲಿಷ್ ಬೇಕಾತೇನ್ರಿ? ಲಗ್ನಾ ಆದಾಗಿಂದ ನಾ ಕನ್ನಡದಾಗ ಇದನ್ನ ಹೇಳಾಕತ್ತೇನಲ್ಲ!"

ನನ್ನ ಗಂಡ ಘೊಳ್ಳೆಂದು ನಕ್ಕರು. ನನಗೂ ತಡೆಯಲಾಗಲಿಲ್ಲ. ಆದರೆ ಮಾವನವರನ್ನು ನೋಡಿ ಬಾಯಿ ಮುಚ್ಚಿಕೊಂಡೆ. ಅವರ ಮುಖ ಸಣ್ಣ ಮಕ್ಕಳ ಮುಖದ ಹಾಗೆ ಆಗಿತ್ತು.

"ನಾ ಅದನ್ನ ದೇವರ ಮನ್ಯಾಗೂ ಬರಿಸಬೇಕಂತ ಮಾಡಿದ್ನಿರಿ ಮಾಸ್ತರ" ಅಂದರು ಮೆಲ್ಲಗೆ. "ಬಜಾರದಾಗ ಎಲ್ಲಾರಿಗೂ ಹೇಳಿನಿ, ನಮ್ಮ ಬೀಗರು ನನಗ ಕೊಟ್ಟದ್ದು ಅಂತ."

ಎದ್ದು ಅಂಗಡಿಗೆ ಹೋಗಿ, ಹಾಡುಹಗಲೇ ಬಾಗಿಲು ಹಾಕಿದರು. ಹಬ್ಬಕ್ಕೂ ಮುಚ್ಚದ ಅಂಗಡಿ! ಕಾಕಾ ಅಂಗಡಿಯ ಕಟ್ಟೆಯ ಮೇಲೆಯೇ ಕೂತ, ಆ ಬೋರ್ಡಿನ ಕೆಳಗೆ. ಹೋಗುವ ಬರುವ ಮಂದಿ ಬೋರ್ಡು ನೋಡಿ, ಕೆಳಗೆ ಕೂತವನನ್ನು ನೋಡಿ, ಹೆಸರು ಇವನದೇ ಅಂದುಕೊಂಡು ಹೋದರು. ಅವನಿಗೆ ತಕ್ಕ ಶಾಸ್ತಿ ಅಂತ ಅನ್ನಿಸಿತಾದರೂ ನೋಡಲಾಗಲಿಲ್ಲ.

ಕೂತವನು ಬೋರ್ಡನ್ನೇ ನೋಡುತ್ತ ನೋಡುತ್ತ ಇದ್ದಕ್ಕಿದ್ದ ಹಾಗೆ ಎದ್ದು ಬಾಗಿಲು ಬಡಿದ. "ಬೀಗರ! ತಗೀರಿ! ಮೂರ ಅಕ್ಷರಾ ತಿದ್ದಿದ್ರ ಸಾಕು! ಆಸ್ಪಿಶಿಯಸ್ ಆಗ್ತೈತಿ! ಅಂದ್ರ ಮಂಗಳಕರ, ಶುಭಕರ! ದೇವರಾಣಿ, ಈ ಸಲ ಖರೆ!"

ಖರೆಯೇ! ಮುಂದಿನ ಅಕ್ಷರ ಅದೇ, ಹಿಂದಿನವೂ ಅವೇ. ನಡುವಿನ ಮೂರು ಮಾತ್ರ ಬೇರೆ: ವಿ, ಎ, ಆರ್ ಹೋಗಿ ಯು, ಎಸ್, ಪಿ. ಬಾಗಿಲು ಮೆಲ್ಲಗೆ ಒಂದು ಗೇಣಿನಷ್ಟು ತೆರೆಯಿತು. ಸಂದಿಯಿಂದ ಮಾವನವರ ದನಿ ಬಂತು:

"ಮೂರಕ್ಕಷ್ಟ ಬಣ್ಣಾ ಸಾಕೇನು?"

ಪೇಂಟರನನ್ನು ಕರೆಸಿದರು. ಮಾವನವರು ಏಣಿಯ ಕೆಳಗೆ ನಿಂತು ಅವನ ಜೊತೆ ಚೌಕಾಸಿಗೆ ಇಳಿದರು. "ಮೂರರಾಗ ಮದಲಿನ ಅಕ್ಷರದ ತಳಾ ದುಂಡಗ ಮಾಡಿದ್ರ ಆತು, ಅದಕ್ಯಾಕ ಪೂರ್ತಾ ಅಕ್ಷರದ ಕೂಲಿ? ಕಡೀದಕ ಒಂದ ಕಾಲು ಕೆರದ ತಗದ್ರ ಮುಗೀತು, ಅದಕ ಬಣ್ಣಾನ ಬೇಕಿಲ್ಲ! ನಡುವಿಂದೊಂದು ಹೊಸಾದು, ಅದರದಷ್ಟ ಕೊಡ್ತೇನಿ." ಪಕ್ಕದಲ್ಲಿ ನಿಂತಿದ್ದ ಕಾಕಾನ ತುಟಿ ಅಲುಗಿತು. ಒಂದು ಶಬ್ದ ಬಾಯಿಯವರೆಗೆ ಬಂದಿತ್ತು, ನನಗೆ ಗೊತ್ತು! ನಾನು ಕಣ್ಣು ಬಿಟ್ಟೆ. ನುಂಗಿಕೊಂಡ.

ಬೋರ್ಡಿನ ಮಾನ ಉಳಿಯಿತು. ಆದರೆ ಅವತ್ತಿನಿಂದ ಕಾಕಾ ಇಳಕಲ್ಲಿಗೆ ಬರುವುದನ್ನೇ ಬಿಟ್ಟ. ಹಬ್ಬಕ್ಕೆ ಕರೆದರೆ ಕಾಕುವನ್ನು ಕಳಿಸುತ್ತಿದ್ದ. ಯಾರ ಮನೆಯ ಪಂಕ್ತಿಯಲ್ಲೂ ತುಪ್ಪದ ಗಿಂಡಿ ಹಿಡಿಯಲಿಲ್ಲವಂತೆ. ಹುನಗುಂದದ ಮಂದಿ "ಮಾಸ್ತರ್ರು ಈಗೀಗ ಆಶೀರ್ವಾದ ಮಾಡೂದು ಬಿಟ್ಟಾರ" ಅಂತ ಬೇಜಾರು ಮಾಡಿಕೊಂಡರು!

ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಕಾಕಾ ನಿವೃತ್ತನಾದ. ಅದರ ಹಿಂದೆಯೇ ಕಾಕು ತೀರಿಕೊಂಡಳು. ನಮ್ಮಪ್ಪ ಬಾಗಲಕೋಟೆಗೆ ಬಾ ಅಂದ. ನಾನೂ ಕರೆದೆ. "ನಾ ಆರಾಮ ಅದೇನಿ, ಅಡಗಿ ಬರ್ತೈತಿ ನನಗ" ಅಂದ. ಅವನಿಗೆ ಚಹಾ ಕಾಯಿಸಲೂ ಬರುತ್ತಿರಲಿಲ್ಲ.

ನನ್ನ ಮಗಳ ಜವಳದ ದಿನ ಬಹಳ ಒತ್ತಾಯಕ್ಕೆ ಬಂದ.  ಅಂಗಿಯ ಕಾಲರಿನೊಳಗೆ ಕುತ್ತಿಗೆ ಅಲ್ಲಾಡುತ್ತಿತ್ತು. ತಾಟು ಹಾಕಿದರೆ "ಉಂಡು ಬಂದೀನವಾ" ಅಂದ. ಹಟ ಮಾಡಿದ ಮೇಲೆ ಅರ್ಧ ರೊಟ್ಟಿ ಹಾಕಿಸಿಕೊಂಡ. ಸಾವಕಾಶ, ಬಹಳ ಸಾವಕಾಶವಾಗಿ ತಿಂದ. ಇನ್ನರ್ಧ ತಂದರೆ ಎರಡೂ ಕೈ ಅಡ್ಡ ಇಟ್ಟ. ಸುತ್ತಲೂ ನೋಡಿದ. ಅದೇ ಮಂದಿ ಕೂತಿದ್ದರು: ಅತ್ತೆಯ ಅಣ್ಣ, ಮಾವನವರ ಷಡ್ಡಕ, ಎಲ್ಲರೂ. ಊರಿನ ತಾಟಿಗೆಲ್ಲ ಹೆಸರಿಟ್ಟವನು ಆ ಮಂದಿಯ ಎದುರು ಇನ್ನೊಂದು ರೊಟ್ಟಿ ಹೇಗೆ ಕೇಳಿಯಾನು? ತಂಬಿಗೆ ಎತ್ತಿ ಗಟಗಟನೆ ನೀರು ಕುಡಿದ.

ಅವನು ಬಸ್ಸಿಗೆ ಹೋದ ಮೇಲೆ ಮಾವನವರು ಅಡುಗೆ ಮನೆಯ ಬಾಗಿಲಿಗೆ ಬಂದು ನಿಂತರು. "ಯವ್ವಾ, ನಿಮ್ಮ ಕಾಕಾ ಉಂಡು ಬಂದಿರಲಿಲ್ಲ" ಅಂದರು. "ನಾ ಸಣ್ಣಾಂವಿದ್ದಾಗ ಸೀರಿ ಗಂಟು ಹೊತಗೊಂಡು ರಾಮಥಾಳ, ಐಹೊಳಿ ಎಲ್ಲಾ ತಿರಗ್ತಿದ್ದೆ. ಮನಿ ಮನಿಯಾಗೂ ಉಂಡು ಬಂದೀನ್ರಿ ಅಂತಿದ್ದೆ. ನಾಚಿಗಿ. ಉಂಡಾಂವ ಹಂಗ ನೀರು ಕುಡಿಯೂದಿಲ್ಲ."

ಮರುದಿನ ಅವರೇ ಹುನಗುಂದಕ್ಕೆ ಹೋದರು. ಏನು ಮಾತಾಯಿತೆಂದು ಕಾಕಾ ಆಮೇಲೆ ಬಹಳ ಜಂಬದಿಂದ ನನಗೆ ಹೇಳಿದ. ಐಹೊಳೆಗೆ ಬರುವ ಫಾರಿನ್ ಮಂದಿ ಈಗ ಇಳಕಲ್ ಸೀರೆ ಕೇಳಿಕೊಂಡು ಬರುತ್ತಾರೆ, ತಮಗೆ ಇಂಗ್ಲಿಷ್ ಬರದೆ ವ್ಯಾಪಾರ ಹಾಳಾಗುತ್ತಿದೆ, ದಿನಾ ಮಧ್ಯಾಹ್ನ ಬಂದು ಪಾಠ ಹೇಳಬೇಕು ಅಂದರಂತೆ ಮಾವನವರು.

"ಫೀಜು ಕೊಡೂದಿಲ್ಲ ಮಾಸ್ತರ, ಮದಲ ಹೇಳ್ತೇನಿ. ನಾ ಎಂಥಾಂವ ಅಂತ ನಿಮಗಿಂತ ಛಲೋ ಯಾರಿಗೆ ಗೊತ್ತು? ಅದರ ಬದಲಿ ಊಟಾ ಹಾಕ್ತೇನಿ. ಬ್ಯಾಡ ಅಂದ್ರ ನನಗ ಲುಕ್ಸಾನು, ಮತ್ತ ಫೀಜು ಕೊಡಬೇಕಾಗ್ತೈತಿ."

ಕೂಲಿಯೆಂದ ಮೇಲೆ ಉಣ್ಣಲು ನಾಚಿಕೆ ಯಾಕೆ? ಕಾಕಾ ಬರತೊಡಗಿದ. ಹನ್ನೊಂದರ ಬಸ್ಸಿಗೆ ಇಳಿಯುತ್ತಿದ್ದ. ಪಾಠ ಪಡಸಾಲೆಯಲ್ಲಿ. ಪಾಠ ತಾಟಿನ ಮುಂದೆಯೇ ಆಗಬೇಕು ಅನ್ನುತ್ತಿದ್ದರು ಮಾವನವರು. "ಖಾಲಿ ಹೊಟ್ಟ್ಯಾಗ ನನಗ ಏನೂ ತಲಿಗೆ ಹೋಗೂದಿಲ್ರಿ. ನಾ ಒಬ್ಬನ ಉಂಡ್ರ ನಾಚಿಗಿ ಬರ್ತೈತಿ, ನೀವೂ ಕೂಡ್ರಿ."

ಒಂದು ವರ್ಷ ಕಳೆಯಿತು, ಎರಡಾಯಿತು. ಕಾಕಾನ ಕಾಲರು ಮತ್ತೆ ಬಿಗಿಯಾಯಿತು. ದನಿ ಬಂತು. ಹಳೆಯ ಶಬ್ದಗಳ ಗಂಟೂ ಮೆಲ್ಲಗೆ ಬಿಚ್ಚಿತು. ಆದರೆ ಅವನಿಗೊಂದೇ ಕೊರಗು.

"ನನ್ನ ಸರ್ವಿಸ್ಸಿನ್ಯಾಗ ಇಂಥಾ ದಡ್ಡ ವಿದ್ಯಾರ್ಥಿ ಸಿಕ್ಕಿದ್ದಿಲ್ಲವಾ! ಹಂಗ್ರಿ ಅಂದ್ರ ಹಸಿವಿ, ಆಂಗ್ರಿ ಅಂದ್ರ ಸಿಟ್ಟು. ಇಷ್ಟನ್ನ ಎರಡ ವರ್ಷಾ ಹೇಳಾಕತ್ತೇನಿ. ನಿಮ್ಮ ಮಾವಗ ಎರಡೂ ಒಂದ! ಈ ಫರಕ್ ತಿಳಿಯೂತನಕ ನಾ ಪಾಠ ನಿಲ್ಲಸೂದಿಲ್ಲ!"

ಮಾವನವರ ದಡ್ಡತನಕ್ಕೆ ನನಗೂ ನಾಚಿಕೆಯಾಗುತ್ತಿತ್ತು. ಅಂಗಡಿ ನಡೆಸುವ ತಲೆ, ಮೂರು ಅಕ್ಷರದ ಬಣ್ಣ ಲೆಕ್ಕ ಹಾಕುವ ತಲೆ, ಇಷ್ಟು ಸಣ್ಣ ಮಾತು ಹಿಡಿಯದೇ?

ಒಂದು ಬೇಸಿಗೆಯ ದಿನ. ನನ್ನ ಗಂಡ ಸೊಲ್ಲಾಪುರಕ್ಕೆ ಹೋಗಿದ್ದರು. ಕಾಕಾನ ಬಸ್ಸು ಇನ್ನೂ ಬಂದಿರಲಿಲ್ಲ. ಅಂಗಡಿಯಲ್ಲಿ ಯಾರೋ ಫಾರಿನ್ ಗಂಡ ಹೆಂಡತಿ ಬಂದಿದ್ದಾರೆ ಅಂತ ಅತ್ತೆ ಹೇಳಿದ್ದಕ್ಕೆ, ಮಾವನವರ ಫಜೀತಿ ನೋಡಲಾರದೆ ನಾನು ಮಾತಾಡಲು ಓಡಿದೆ. ಪರದೆಯ ಹತ್ತಿರ ನಿಂತುಬಿಟ್ಟೆ. ಆಚೆಯಿಂದ ಮಾವನವರ ದನಿ:

"ಕಮ್ ಮೇಡಂ, ಸಿಟ್ ಪ್ಲೀಸ್. ಸನ್ ವೆರಿ ಆಂಗ್ರಿ ಟುಡೇ, ನೋ? ಯು ಆರ್ ಹಂಗ್ರಿ? ಫಸ್ಟ್ ಯು ಈಟ್. ಸಾರಿ ಆಫ್ಟರ್."

ಆ ಹೆಂಗಸು ನಕ್ಕಳು. ಇಬ್ಬರೂ ಕೂತರು. ಮಾವನವರು ಸೀರೆಯ ಸೆರಗು ಬಿಡಿಸಿ, ಯಾವುದು ರೇಷ್ಮೆ ಯಾವುದು ನೂಲು ಅಂತ, ಮುರುಕು ಇಂಗ್ಲಿಷಿನಲ್ಲಿಯೇ ಆದರೂ, ಒಂದೂ ತಪ್ಪಿಲ್ಲದೆ ತಿಳಿಸಿ ಹೇಳುತ್ತಿದ್ದರು. ನಾನು ಬಂದ ಸದ್ದು ಮಾಡದೆ ವಾಪಸು ಹೋದೆ.

ಮಧ್ಯಾಹ್ನ ಕಾಕಾ ಬಂದ. ಕೈಕಾಲು ತೊಳೆದು ಮಾವನವರ ಎದುರಿಗೆ ಕೂತ. ತಾಟು ಹಾಕಿದೆ. ಮಾವನವರು ತಲೆ ಕೆರೆದುಕೊಂಡು ಕೇಳಿದರು:

"ಮಾಸ್ತರ, ಹಂಗ್ರಿ ಅಂದ್ರ ಸಿಟ್ಟು ಅಂತಲ್ರಿ?"

ಕಾಕಾ ಹಣೆ ಹಣೆ ಬಡಿದುಕೊಂಡ. "ನಿಮಗ ಇನ್ನೂ ಹತ್ತ ವರ್ಷಾ ಬೇಕ್ರಿ ಬೀಗರ! ಹತ್ತ ವರ್ಷಾ!"

"ಬೇಕಾದ್ರ ಬೇಕ್ರಿ. ನನಗೇನ ಅವಸರ ಇಲ್ಲ" ಅಂದರು ಮಾವನವರು, ರೊಟ್ಟಿ ಮುರಿಯುತ್ತ.

ನನಗೆ ಇಬ್ಬರ ಮುಖವನ್ನೂ ನೋಡುವ ಧೈರ್ಯವಾಗಲಿಲ್ಲ. ಒಳಗೆ ಹೋಗಿ ಬಿಸಿ ರೊಟ್ಟಿ ತಂದು ಕಾಕಾನ ತಾಟಿಗೆ ಹಾಕಿದೆ. ಹಸಿವು, ಸಿಟ್ಟು ಅಂತ ಬೆರಳು ಮಡಿಚಿ ಹೇಳಿಕೊಡುತ್ತಲೇ ತಿಂದ. ಇನ್ನೊಂದು ಹಾಕಿದೆ. ಅವನು ಕೈ ಅಡ್ಡ ಇಡಲಿಲ್ಲ.